ಸೌಟು ಹಿಡಿದವರ ಹೊಟ್ಟೆ

ನಮ್ಮೂರಲ್ಲಿ ಹೆಣ್ಣು ಕೊಡುವವರು ಹುಡುಗನ ಜಾತಕ ಕೇಳುವ ಮೊದಲು ಅವನನ್ನು ಊಟಕ್ಕೆ ಕೂರಿಸುತ್ತಾರೆ. ಎಷ್ಟು ಉಣ್ಣುತ್ತಾನೆ, ಎಷ್ಟು ಸಲ ಅನ್ನ ಹಾಕಿಸಿಕೊಳ್ಳುತ್ತಾನೆ, ಎಲೆಯ ಮೇಲೆ ಏನಾದರೂ ಬಿಡುತ್ತಾನೋ, ಇಷ್ಟು ಗೊತ್ತಾದರೆ ಮಿಕ್ಕಿದ್ದು ದೇವರಿಗೆ ಬಿಟ್ಟಿದ್ದು. ಯಾಕೆಂದರೆ ನಮ್ಮೂರಲ್ಲಿ ಉಂಡವನ ಹೊಟ್ಟೆ ಎಷ್ಟು ತುಂಬಿತೋ ಬಡಿಸಿದವರ ಹೊಟ್ಟೆಯೂ ಅಷ್ಟೇ ತುಂಬುತ್ತದೆ. ಒಂದು ಎಲೆಗೆ ಒಂದು ಸೌಟು, ಅಷ್ಟೇ ಲೆಕ್ಕ. ಮದುವೆಮನೆಯಲ್ಲಿ ಅರ್ಧ ಊರು ಕೂತರೆ ಇನ್ನರ್ಧ ಊರು ಬಡಿಸುತ್ತದೆ, ಎಲೆ ತೆಗೆಯುವ ಹೊತ್ತಿಗೆ ಇಬ್ಬರೂ ಒಟ್ಟಿಗೇ ತೇಗುತ್ತಾರೆ. ಎರಡನೇ ಪಂಕ್ತಿ ಅನ್ನುವುದನ್ನು ನಾವು ಪರವೂರಿಗೆ ಹೋದಾಗ ನೋಡಿ ನಕ್ಕಿದ್ದೇವೆ. ಮನೆಗಳಲ್ಲಿ ಸರದಿ ಇರುತ್ತದೆ. ಬೆಳಿಗ್ಗೆ ಗಂಡ ಕೂತರೆ ಸಂಜೆ ಹೆಂಡತಿ ಕೂರುತ್ತಾಳೆ, ಇವತ್ತು ಅತ್ತೆ ಆದರೆ ನಾಳೆ ಸೊಸೆ. ಒಂಟಿಯಾಗಿರುವವರು ಇನ್ನೊಬ್ಬ ಒಂಟಿಯನ್ನು ಹುಡುಕಿಕೊಂಡು ಜೋಡಿಯಾಗುತ್ತಾರೆ. ಹೀಗೆ ಸುಖವಾಗಿದ್ದೆವು.

ನನ್ನ ಹೆಸರು ಪಂಚಾಕ್ಷರಿ. ಸಂತೆಪೇಟೆ ಬೀದಿಯಲ್ಲಿ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಣ್ಣು ನೋಡಲು ಹೋದ ದಿನ ನಾನು ಹದಿಮೂರು ಅಕ್ಕಿರೊಟ್ಟಿ, ಒಂದು ಬಟ್ಟಲು ಎಣ್ಣೆಗಾಯಿ, ಅದರ ಮೇಲೆ ಎರಡು ಸಲ ಮೊಸರನ್ನ ಉಂಡೆ. ಬಡಿಸುತ್ತಿದ್ದ ಮಾವನವರು ಗೋಡೆಗೆ ಒರಗಿ ಕೂತು, ಸೊಂಟದ ಪಂಚೆ ಸಡಿಲ ಮಾಡಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡರು. "ನನ್ನ ಮಗಳು ಗೆದ್ದಳು ಬಿಡಪ್ಪ" ಅಂದರು. ಜಾತಕವನ್ನು ಯಾರೂ ಬಿಚ್ಚಲೇ ಇಲ್ಲ.

ಸರ್ವಮಂಗಳ ಮನೆಗೆ ಬಂದ ಮೊದಲ ವಾರವೇ ಸರದಿಯ ಮಾತು ಬಂತು. ಅವಳು ನಕ್ಕು, "ನಿಮಗೆ ಉಣ್ಣೋಕೆ ಬರುತ್ತೆ, ನನಗೆ ಮಾಡೋಕೆ ಬರುತ್ತೆ. ನೀವೇ ಕೂತ್ಕೊಳ್ಳಿ" ಅಂದಳು. ನಾನು ಕೂತೆ. ಇಪ್ಪತ್ತಾರು ವರ್ಷ ಕೂತೇ ಇದ್ದೆ. ಮಕ್ಕಳಾಗಲಿಲ್ಲ, ಆ ಕೊರಗನ್ನು ಇಬ್ಬರೂ ನುಂಗಿಕೊಂಡೆವು, ನಾನು ಅದರ ಜೊತೆಗೆ ಮಿಕ್ಕಿದ್ದನ್ನೂ ನುಂಗಿದೆ. ಹಸಿವು ಬರಲಿ ಅಂತ ಕಾದವನಲ್ಲ ನಾನು. ದಿನಕ್ಕೆ ನಾಲ್ಕು ಹೊತ್ತು ಉಣ್ಣುತ್ತಿದ್ದೆ. ಅವಳು ಎದುರಿಗೆ ಮಣೆ ಹಾಕಿಕೊಂಡು ಸೌಟು ಹಿಡಿದು ಕೂತಿರುತ್ತಿದ್ದಳು, ಕೆನ್ನೆ ತುಂಬಿಕೊಂಡು ಗುಂಡಗೆ, ಕೆಂಪಗೆ. ಬೀದಿಯವರೆಲ್ಲ ಅವಳ ಅದೃಷ್ಟ ನೋಡಿ ಕರುಬುತ್ತಿದ್ದರು.

ಆದರೆ ಅವಳ ಮೈಗೆ ಹತ್ತಿದ್ದು ಹದವಾಗಿ ಹತ್ತಿತು, ನನ್ನ ಮೈಗೆ ಹತ್ತಿದ್ದಕ್ಕೆ ಹದವೇ ಇರಲಿಲ್ಲ. ನಲವತ್ತೆಂಟಕ್ಕೆ ಬರುವಷ್ಟರಲ್ಲಿ ನೂರಾ ಮೂವತ್ತೆಂಟು ಕೆಜಿ ಆಗಿದ್ದೆ. ಸಕ್ಕರೆ ಕಾಯಿಲೆ ಬಂತು, ಬಿಪಿ ಬಂತು, ಮೊಣಕಾಲು ಎರಡೂ ಹೋದವು. ಹೊಲಿಗೆ ಮೆಷಿನ್ನಿಗೂ ನನಗೂ ನಡುವೆ ಹೊಟ್ಟೆ ಬಂದು ಕೂತು, ಸೂಜಿ ಕಾಣದೆ ಅಂದಾಜಿನ ಮೇಲೆ ಹೊಲಿಯುವ ಹಾಗಾಯಿತು. ಒಂದು ದಿನ ಗಿರಾಕಿಯ ಎದುರಿಗೇ ಸ್ಟೂಲು ಮುರಿದು ಬಿದ್ದೆ. ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಪಟ್ಟಣದ ಆಸ್ಪತ್ರೆಯ ಡಾಕ್ಟರು ನನ್ನ ರಿಪೋರ್ಟುಗಳನ್ನೆಲ್ಲ ತಿರುವಿ ಹಾಕಿ, ಹೊಟ್ಟೆಗೆ ಬೈಪಾಸ್ ಆಪರೇಷನ್ ಮಾಡಬೇಕು ಅಂದರು. ಹೊಟ್ಟೆಯಲ್ಲಿ ಒಂದು ಕೋಳಿಮೊಟ್ಟೆಯಷ್ಟು ಚೀಲ ಮಾತ್ರ ಕೆಲಸಕ್ಕೆ ಇಟ್ಟುಕೊಂಡು, ಕರುಳನ್ನು ತಂದು ಅದಕ್ಕೇ ಜೋಡಿಸುವುದಂತೆ. ನನಗೆ ಬೇಗ ಅರ್ಥವಾಯಿತು. ದೊಡ್ಡ ಚೀಲದಲ್ಲಿ ಅಡ್ಡ ಹೊಲಿಗೆ ಹಾಕಿ ಚಿಕ್ಕ ಜೇಬು ಮಾಡುವುದು, ನಮ್ಮ ಕಸುಬೇ ತಾನೆ. "ಮಾಡಿ ಸ್ವಾಮಿ, ಹೊಲಿಗೆ ಮಾತ್ರ ಗಟ್ಟಿಯಾಗಿರಲಿ" ಅಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಯಟೀಷಿಯನ್ ಮೇಡಂ ಒಬ್ಬರು ಬಂದು ಎರಡು ಹಾಳೆ ತುಂಬ ಬರೆದುಕೊಟ್ಟರು. ಚಿಕ್ಕ ವಯಸ್ಸಿನವರು, ಮಾತು ಮಾತ್ರ ಹೆಡ್‌ಮಾಸ್ಟರದು. ಮೊದಲು ಎರಡು ವಾರ ಬರೀ ತೆಳ್ಳಗಿನದು: ಬೇಳೆಕಟ್ಟು, ನೀರು ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ಮಿದ್ದಿದ್ದು, ಆಮೇಲೆ ಮೆತ್ತಗಿನದು. ಯಾವಾಗ ಆದರೂ ಒಂದು ಹೊತ್ತಿಗೆ ನಾಲ್ಕು ಚಮಚ, ದಿನಕ್ಕೆ ಆರು ಹೊತ್ತು. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಹಿಂದೆ, ಅರ್ಧ ಗಂಟೆ ಮುಂದೆ. ವಿಟಮಿನ್ ಮಾತ್ರೆ ಬದುಕಿರುವ ತನಕ. "ಸಿಹಿ ತಿಂದ್ರೆ ನೇರ ಕರುಳಿಗೆ ಇಳಿಯುತ್ತೆ, ಎದೆ ಡವಡವ ಅನ್ನುತ್ತೆ, ಬೆವರು ಸುರಿಯುತ್ತೆ. ಒಂದು ಸಲ ತಿಂದು ನೋಡಿದವರು ಎರಡನೇ ಸಲ ತಿನ್ನಲ್ಲ" ಅಂತ ಹೆದರಿಸಿಯೂ ಕಳಿಸಿದರು.

ಊರಿಗೆ ಬಂದರೆ ಮನೆ ಮುಂದೆ ಜನ. ಯಾರೋ ತೀರಿಕೊಂಡ ಮನೆಗೆ ಬಂದ ಹಾಗೆ ಬಂದು ಸರ್ವಮಂಗಳನ ಕೈ ಹಿಡಿದುಕೊಂಡು, "ಎಂಥಾ ಉಣ್ಣೋ ಜೀವ! ಹೀಗೆ ಮಾಡಿ ಕಳಿಸಿದರಲ್ಲ" ಅಂತ ಲೊಚಗುಟ್ಟಿ ಹೋದರು. ನಾನು ಇನ್ನೂ ಇದ್ದೇನೆ, ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೇನೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಮೊದಲ ದಿನಗಳು ನೆನೆದರೆ ಈಗಲೂ ನಗು ಬರುತ್ತದೆ. ಸರ್ವಮಂಗಳ ಅಭ್ಯಾಸ ಬಲದಿಂದ ದೊಡ್ಡ ತಪ್ಪಲೆಯನ್ನೇ ಎತ್ತಿಕೊಂಡು ಬರುವಳು, ಅದರೊಳಗೆ ಅರ್ಧ ಲೋಟ ಬೇಳೆಕಟ್ಟು ತಳದಲ್ಲಿ ಅಲ್ಲಾಡುತ್ತಿರುವುದು. ಹಿಂದೆ ಅನ್ನ ಬಡಿಸುತ್ತಿದ್ದ ಸೌಟಿನ ಬದಲು ಮಗುವಿಗೆ ಔಷಧಿ ಕುಡಿಸುವಂಥ ಚಮಚ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದಕ್ಕೆ ನಾನು ಕೈ ಅಡ್ಡ ಹಿಡಿಯುವೆ, ಅವಳು "ಅಬ್ಬಾ, ನನಗೂ ಸಾಕಾಯ್ತು" ಅಂತ ಸೊಂಟದ ಮೇಲೆ ಕೈ ಇಟ್ಟುಕೊಳ್ಳುವಳು. ಅಗಿಯುವ ದಿನಗಳು ಬಂದ ಮೇಲೆ ಮೆಷಿನ್ ತುಳಿಯುತ್ತಲೇ ಲೆಕ್ಕ ಇಟ್ಟೆ. ಒಂದು ತುತ್ತು ಮುಗಿಯುವುದರೊಳಗೆ ಒಂದು ತೋಳಿನ ಹೊಲಿಗೆ ಮುಗಿಯುತ್ತಿತ್ತು. "ಏನ್ ಪಂಚಾಕ್ಷರಣ್ಣ, ಎಮ್ಮೆ ಥರ ಮೆಲುಕು ಹಾಕ್ತಾ ಇದೀಯ" ಅಂತ ಗಿರಾಕಿಗಳು ಹಂಗಿಸಿದರೆ ಬಾಯಲ್ಲಿ ತುತ್ತು ಇರುವ ಕಾರಣ ಉತ್ತರ ಕೊಡುವ ಹಾಗೂ ಇಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ, ನಾನು ರೋಗ ಬಂದ ಮೇಲೆ ಊಟ ಕಲಿತೆ. ತೂಕ ಇಳಿಯಿತು, ಸಕ್ಕರೆ ಇಳಿಯಿತು. ಮೂರನೇ ತಿಂಗಳಿಗೆ ನನ್ನ ಪ್ಯಾಂಟುಗಳನ್ನು ನಾನೇ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ಒಂದು ಪ್ಯಾಂಟಿನ ಬಟ್ಟೆಯಲ್ಲಿ ಒಂದೂವರೆ ಪ್ಯಾಂಟು ಬರುವ ಹಾಗಾಯಿತು. ಕೂತಲ್ಲಿಂದ ಸೂಜಿ ಕಂಡಿತು. ಕೆರೆ ಏರಿಯ ಮೇಲೆ ನಡೆದು ಬಂದೆ. ಹದಿನೈದು ವರ್ಷದ ಮೇಲೆ ನನ್ನ ಚಪ್ಪಲಿಯ ಬಾರನ್ನು ನಾನೇ ಬಗ್ಗಿ ಹಾಕಿಕೊಂಡೆ!

ಊರವರಿಗೂ ನಿಧಾನವಾಗಿ ಬುದ್ಧಿ ಓಡಿತು. ಮೊದಲು ಬಂದವರು ಪಕ್ಕದ ಮನೆಯ ದಾಕ್ಷಾಯಣಮ್ಮ. ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಬಾಗಿಲಲ್ಲೇ ನಿಂತು, "ಅಲ್ಲ ಪಂಚಾಕ್ಷರಣ್ಣ, ಒಂದು ತಿಂಗಳು ನಾನೇ ನಿಮಗೆ ಬಡಿಸ್ಲಾ? ನಾಲ್ಕು ಚಮಚಕ್ಕೇ ನನಗೂ ಸಾಕಾಗಿ ಹೋಗುತ್ತಲ್ಲ. ಮಗಳ ಮದುವೆ ಹೊತ್ತಿಗೆ ಒಂದು ಎಂಟು ಕೆಜಿ ಇಳಿದ್ರೆ ಸಾಕು ಕಣಪ್ಪ" ಅಂದರು. ಅವರ ಹಿಂದೆ ಇನ್ನೂ ಮೂವರು ಹೆಂಗಸರು ನಿಂತಿದ್ದರು, ಆಪರೇಷನ್ನೂ ಬೇಡ, ಪಥ್ಯವೂ ಬೇಡ ಅನ್ನುವ ಲೆಕ್ಕಾಚಾರದಲ್ಲಿ. ಸರ್ವಮಂಗಳ ಒಳಗಿಂದ ಚಮಚ ಹಿಡಿದೇ ಬಂದಳು. "ಅಕ್ಕಾ, ಬೇಕಾದ್ರೆ ನನ್ನ ಒಲೆ ಹೊತ್ಕೊಂಡು ಹೋಗಿ. ನನ್ನ ಗಂಡನ ತಟ್ಟೆ ತಂಟೆಗೆ ಬರಬೇಡಿ" ಅಂದಳು. ದಾಕ್ಷಾಯಣಮ್ಮ "ಅಯ್ಯೋ, ಏನ್ ಹೊಟ್ಟೆಕಿಚ್ಚು ನೋಡು ಇವಳಿಗೆ" ಅಂತ ನಗುತ್ತ ಹೋದರು. ನನಗೆ ಒಳಗೊಳಗೇ ಹೆಮ್ಮೆ. ಇಪ್ಪತ್ತಾರು ವರ್ಷದ ಮೇಲೂ ಹೆಂಡತಿ ಹೀಗೆ ಕಾದಾಡುವುದು ಅಂದರೆ ಸುಮ್ಮನೆ ಆಯಿತೇ! ಆ ಹೆಮ್ಮೆಯಲ್ಲಿ ನೋಡಬೇಕಾದ್ದನ್ನು ನಾನು ನೋಡಲಿಲ್ಲ.

ಒಂದು ಮಂಗಳವಾರ ಸರ್ವಮಂಗಳ ಎರಡು ರವಿಕೆ ತಂದು ಕಟಿಂಗ್ ಟೇಬಲ್ಲಿನ ಮೇಲೆ ಹಾಕಿದಳು. "ಸ್ವಲ್ಪ ಒಳಗೆ ಹಿಡೀರಿ. ಬಟ್ಟೆ ಜಗ್ಗಿದೆ."

ರವಿಕೆ ಬಟ್ಟೆ ಜಗ್ಗುತ್ತದೋ ಇಲ್ಲವೋ ಅಂತ ಟೈಲರಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಒಳಮಗ್ಗುಲು ತಿರುವಿ ನೋಡಿದೆ. ನಾನು ಹಾಕಿದ ಮೆಷಿನ್ ಹೊಲಿಗೆ ಇತ್ತು. ಅದರ ಒಳಗೆ ಅರ್ಧ ಇಂಚು ಬಿಟ್ಟು ಕೈಹೊಲಿಗೆಯ ಒಂದು ಸಾಲು. ಅದರ ಒಳಗೆ ಇನ್ನೊಂದು ಸಾಲು. ಎರಡು ಸಲ ಅವಳೇ ಕೂತು, ನನಗೆ ಹೇಳದೆ, ಹಿಡಿದುಕೊಂಡಿದ್ದಳು. ಮೂರನೇ ಸಲಕ್ಕೆ ಕೈಲಾಗದೆ ನನ್ನ ಹತ್ತಿರ ತಂದಿದ್ದಳು.

ಅವಳ ರವಿಕೆಗೆ ನಾನು ಎಂದೂ ಟೇಪು ಹಿಡಿದವನಲ್ಲ. ಅಳತೆ ಕೈಗೇ ಗೊತ್ತು. ಅವತ್ತು ಕೊರಳಿನಿಂದ ಟೇಪು ತೆಗೆದು ತೋಳಿಗೆ ಸುತ್ತಿದೆ. ಹನ್ನೊಂದೂವರೆ ಇದ್ದ ತೋಳು ಒಂಬತ್ತು ಇಂಚು. ನನ್ನ ತೂಕ ನೋಡಲೆಂದು ತಂದಿದ್ದ ಮೆಷಿನ್ನಿನ ಮೇಲೆ ಅವಳನ್ನು ಹತ್ತಿಸಿದೆ. ಅರವತ್ತೆರಡು ಇದ್ದವಳು ನಲವತ್ತೇಳು. ನನ್ನ ಪ್ಯಾಂಟು ಚಿಕ್ಕದಾಗುವುದನ್ನು ನೋಡಿ ನೋಡಿ ಹಿಗ್ಗುತ್ತಿದ್ದೆನಲ್ಲ, ಎದುರಿಗೆ ಮಣೆಯ ಮೇಲೆ ಕೂತವಳು ಕರಗುತ್ತಿರುವುದು ಕಾಣಲಿಲ್ಲವಲ್ಲ, ನನ್ನಂಥ ಕುರುಡ ಇನ್ನೊಬ್ಬನಿದ್ದಾನೆಯೇ?

"ನಿನಗೆ ಹಸಿವಾಗಲ್ವೇನೇ?"

"ಇಲ್ವಲ್ಲ. ಹೊಟ್ಟೆ ಯಾವಾಗಲೂ ತುಂಬಿದ ಹಾಗೇ ಇರುತ್ತೆ. ಮೆಟ್ಟಿಲು ಹತ್ತಿದ್ರೆ ಮಾತ್ರ ಕಣ್ಣು ಕತ್ತಲೆ ಬರುತ್ತೆ."

ಅದೇ ನೋಡಿ ಭಯ. ಹಸಿದಿದ್ದರೆ ಹೇಳುತ್ತಿದ್ದಳು. ದಿನಕ್ಕೆ ಆರು ಸಲ ನನ್ನ ಮೊಟ್ಟೆಯಷ್ಟು ಹೊಟ್ಟೆ ತುಂಬುತ್ತಿತ್ತು, ಆರು ಸಲವೂ ಅವಳ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ನನ್ನ ಮೈಯಲ್ಲಿ ಕರಗಿಸಿಕೊಳ್ಳಲು ಗುಡ್ಡದಷ್ಟು ಇತ್ತು. ಅವಳ ಹತ್ತಿರ ಏನಿತ್ತು? ಹೀಗೇ ಇನ್ನು ನಾಲ್ಕು ತಿಂಗಳು ಹೋದರೆ ಹೆಂಡತಿ ಉಳಿಯುವುದಿಲ್ಲ, ಅದೂ ಹೊಟ್ಟೆ ತುಂಬಿಕೊಂಡೇ ಹೋಗುತ್ತಾಳೆ.

"ನಾಳೆಯಿಂದ ನೀನು ಕೂತ್ಕೋ. ನಾನು ಬಡಿಸ್ತೀನಿ" ಅಂದೆ. ಎಲ್ಲರ ಮನೆಯಲ್ಲೂ ಇರುವ ಸರದಿ, ನಮ್ಮ ಮನೆಗೆ ಇಪ್ಪತ್ತಾರು ವರ್ಷ ತಡವಾಗಿ ಬಂತು. ಅವಳು "ಅಯ್ಯೋ, ಹೋಗ್ರೀ ಅತ್ಲಾಗೆ" ಅಂತ ನಾಚಿಕೊಂಡಳು. ನಿನಗೇನು ಇಷ್ಟ ಹೇಳು, ಅದನ್ನೇ ಮಾಡಿಸೋಣ ಅಂದೆ. ಅವಳು ಬಹಳ ಹೊತ್ತು ಯೋಚನೆ ಮಾಡಿ, "ನಿಮಗೇನು ಇಷ್ಟವೋ ಅದೇ" ಅಂದಳು. ತಮಾಷೆಗೆ ಅಂದದ್ದಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗಂಡನಾದ ನನಗೂ ಗೊತ್ತಿರಲಿಲ್ಲ. ದಾಕ್ಷಾಯಣಮ್ಮನನ್ನು ಹೋಗಿ ಕೇಳಿದೆ. ಅವರು ಹಣೆ ಚಚ್ಚಿಕೊಂಡು, "ನಿಮ್ಮ ಹೆಂಡತಿ ವಿಷಯ ನನ್ನ ಕೇಳ್ತೀರಲ್ರೀ! ಆಯ್ತು, ಹೋಳಿಗೆ ತಟ್ಟಿಕೊಡ್ತೀನಿ. ಹೋಳಿಗೆ ಬೇಡ ಅನ್ನೋ ಹೆಂಗಸು ನಮ್ಮೂರಲ್ಲಿ ಹುಟ್ಟಿಲ್ಲ" ಅಂದರು.

ಮಾರನೆಯ ದಿನ ಮಧ್ಯಾಹ್ನ ಸರ್ವಮಂಗಳ ನನ್ನ ಜಾಗದಲ್ಲಿ ಕೂತಳು. ಹೇಗೆ ಕೂರಬೇಕೆಂದೇ ತಿಳಿಯದೆ ಮೂರು ಸಲ ಸೆರಗು ಸರಿಮಾಡಿಕೊಂಡಳು. ನಾನು ಠೀವಿಯಿಂದ ಎರಡು ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಬಿಟ್ಟೆ. ಮೊದಲ ತುತ್ತು ಬಾಯಿಗೆ ಹೋಗುತ್ತಲೇ ಅವಳ ಕಣ್ಣು ಮುಚ್ಚಿಕೊಂಡವು. ಎರಡನೇ ತುತ್ತಿಗೆ ಭುಜ ಇಳಿಯಿತು. ಎಷ್ಟು ಚೆಂದ ಉಂಡಳು! ಎರಡೂ ಹೋಳಿಗೆ ಮುಗಿಸಿ ಬೆರಳು ನೆಕ್ಕುವಷ್ಟರಲ್ಲಿ ನನ್ನ ಎದೆ ಡವಡವ ಅನ್ನತೊಡಗಿತು. ಕಿವಿಯಲ್ಲಿ ಗುಂಯ್ ಅಂದಿತು, ಬೆನ್ನ ಮೇಲೆ ತಣ್ಣನೆ ಬೆವರು ಇಳಿಯಿತು, ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದರು. ಸೌಟು ಕೈಯಿಂದ ಬಿತ್ತು. ಗೋಡೆ ಹಿಡಿದುಕೊಂಡು ಹೋಗಿ ಕಟಿಂಗ್ ಟೇಬಲ್ಲಿನ ಮೇಲೆ ಅಂಗಾತ ಮಲಗಿದೆ.

ಮೂರು ತಿಂಗಳಿಂದ ಒಂದು ಚೂರು ಬೆಲ್ಲ ಮುಟ್ಟದೆ ಪಥ್ಯ ಮಾಡಿದವನು ನಾನು. ಅಂಥವನು ಸೌಟು ಹಿಡಿದವರ ಹೊಟ್ಟೆಗೆ ಏನಾಗುತ್ತದೆ ಅನ್ನುವುದನ್ನೇ ಮರೆತಿದ್ದೆ. ಇಪ್ಪತ್ತಾರು ವರ್ಷ ಬರೀ ಉಂಡವನಿಗೆ ಬಡಿಸುವವರ ಕಷ್ಟ ಹೇಗೆ ನೆನಪಿರಬೇಕು? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ನಾನು ಬಡಿಸಿದ್ದನ್ನು ಉಂಡೆ. ಒಂದು ಗಂಟೆಯಲ್ಲಿ ಎಲ್ಲ ಇಳಿಯಿತು. ನಾನು ಎದ್ದು ಕೂತು ನಗತೊಡಗಿದೆ, ಸರ್ವಮಂಗಳ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ನಾನು ಉಂಡು ನಿಮ್ಮನ್ನ ಕೊಲ್ತಿದ್ದೆನಲ್ಲ. ಆಣೆ ಮಾಡಿ ಹೇಳ್ತೀನಿ, ಇನ್ನು ಸೌಟು ನಿಮ್ಮ ಕೈಗೆ ಕೊಡಲ್ಲ. ನಾನು ಹಿಂಗೇ ಇರ್ತೀನಿ, ನನಗೇನಾಗಿದೆ?"

ಬರೀ ಮುದ್ದೆ ಸಾರು ಆದರೆ ಏನೂ ಆಗುವುದಿಲ್ಲ, ನಿಧಾನಕ್ಕೆ ಉಣ್ಣು ಅಂತ ಅಂಗಲಾಚಿದೆ. ಅವಳು ಒಪ್ಪಿದರೆ ತಾನೆ? ಒಪ್ಪಿದರೂ ನನ್ನ ನಾಲ್ಕು ಚಮಚದ ಹೊಟ್ಟೆ ತಡೆಯುವುದು ಅವಳ ನಾಲ್ಕು ತುತ್ತಿಗೆ, ಆಮೇಲೆ ಸಾಕು ಅನ್ನಬೇಕಾಗುತ್ತದೆ. ಉಣ್ಣುವ ಹೆಂಡತಿಗೆ ಸಾಕು ಅನ್ನುವುದು ಯಾವ ಬಾಯಿಂದ? ದಾಕ್ಷಾಯಣಮ್ಮ ಪಾಪ ಒಂದು ದಿನ ತಾವೇ ಬಂದು ಸರ್ವಮಂಗಳನಿಗೆ ಬಡಿಸಿದರು. ಅವರು ಅದಕ್ಕೆ ಮೊದಲೇ ತಮ್ಮ ಯಜಮಾನರಿಗೆ ಬಡಿಸಿ ಬಂದಿದ್ದರು. ಎರಡು ಊಟ ಒಂದೇ ಹೊಟ್ಟೆಗೆ ಬಿದ್ದು ಎರಡು ದಿನ ಜೀರಿಗೆ ಕಷಾಯ ಕುಡಿದು ಮಲಗಿದರು. ಊರಲ್ಲಿ ಎಲ್ಲರ ಸೌಟಿಗೂ ಒಂದೊಂದು ಎಲೆ ಇದ್ದೇ ಇತ್ತು, ಖಾಲಿ ಸೌಟು ಅಂತ ಯಾರ ಕೈಯಲ್ಲೂ ಇರಲಿಲ್ಲ.

ಆ ವಾರ ಡಯಟೀಷಿಯನ್ ಮೇಡಂ ಫೋನ್ ಮಾಡಿದರು, ತಿಂಗಳಿಗೊಮ್ಮೆ ನನ್ನ ತೂಕ ಕೇಳುವುದು ಅವರ ಪದ್ಧತಿ. ನನ್ನದು ಹೇಳಿ ಮುಗಿಸಿ, ಹೆಂಡತಿಯದು ಹದಿನೈದು ಕೆಜಿ ಇಳಿದಿದೆ ಅಂದೆ.

"ಅವರೂ ಆಪರೇಷನ್ ಮಾಡಿಸಿಕೊಂಡ್ರಾ? ಎಲ್ಲಿ?"

"ಇಲ್ಲ ಮೇಡಂ, ನನಗೆ ಬಡಿಸ್ತಾಳೆ, ಅದಕ್ಕೇ."

"ನೋಡಿ ಪಂಚಾಕ್ಷರಿಯವರೇ, ನನಗೆ ಒಂದೂ ಅರ್ಥ ಆಗ್ತಿಲ್ಲ. ನಿಮ್ಮ ಹೊಟ್ಟೆಗೆ ಬೇಕಾದಷ್ಟು ನೀವು ಹಾಕಿಕೊಳ್ಳಿ, ಅವರ ಹೊಟ್ಟೆಗೆ ಬೇಕಾದಷ್ಟು ಅವರು ಹಾಕಿಕೊಳ್ಳಲಿ. ಅದರಲ್ಲೇನು ಕಷ್ಟ?"

ಅವರಿಗೇನು ಗೊತ್ತು. ನಮ್ಮೂರಲ್ಲಿ ಸೌಟನ್ನು ತನ್ನ ತಟ್ಟೆಗೇ ತಿರುಗಿಸಿಕೊಂಡವರಿಲ್ಲ. ಹಾಗೆ ಮಾಡಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಅನ್ನುತ್ತಾರೆ, ಯಾರೂ ಮಾಡಿ ನೋಡಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನೇ ಬಡಿಸಿಕೊಂಡು ಉಣ್ಣುವುದು ಅಂದರೆ ನನಗೆ ಯಾರೂ ಇಲ್ಲ ಅಂತ ಊರಿಗೆ ಸಾರಿದ ಹಾಗೆ. ಹೆಂಡತಿ ಎದುರಿಗಿರುವಾಗ ಗಂಡ ಹಾಗೆ ಮಾಡಿದನೋ, ಅವಳು ಬದುಕಿದ್ದೂ ಇಲ್ಲದ ಲೆಕ್ಕ. ಅಂಥ ಕೆಲಸ ಮಾಡಲು ಎದೆ ಬೇಕು. ನನಗೆ ಎದೆ ಇರಲಿಲ್ಲ, ಆದರೆ ಒಂಬತ್ತು ಇಂಚಿನ ತೋಳು ಕಣ್ಣ ಮುಂದೆ ಇತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಅವಳು ಅಡುಗೆಮನೆಯಿಂದ ಬರುವ ಮೊದಲೇ, ಬಟ್ಟಲು ಎಳೆದುಕೊಂಡು ಹೆಸರುಬೇಳೆ ಕಿಚಡಿಯನ್ನು ನನ್ನ ಕೈಯಾರೆ ನಾಲ್ಕು ಚಮಚ ಹಾಕಿಕೊಂಡೆ. ಅಭ್ಯಾಸವಿಲ್ಲದೆ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಸರ್ವಮಂಗಳ ಬಾಗಿಲಲ್ಲೇ ನಿಂತುಬಿಟ್ಟಳು.

"ಏನ್ರೀ ಇದು?"

ನಾನು ಅಗಿಯುತ್ತಿದ್ದೆ. ಮೂವತ್ತು ಆಗುವ ತನಕ ಮಾತಾಡುವ ಹಾಗಿಲ್ಲ.

"ಏನ್ರೀ ಇದು ಅಂತ ಕೇಳಿದೆ. ನಾನು ಸತ್ತೋಗಿದೀನಾ? ಗೋಡೆಗೆ ಫೋಟೋ ಹಾಕಿ ಹಾರ ಹಾಕಿದೀರಾ?"

ನುಂಗಿದೆ. "ಸಾಯಬಾರದು ಅಂತಲೇ ಕಣೇ" ಅಂದೆ.

ಅವಳು ಕೂಗಾಡಿದಳು, ಅತ್ತಳು. ಇಷ್ಟು ವರ್ಷ ನನ್ನ ಕೈಯ ಅನ್ನ ಉಂಡು ಈಗ ನನ್ನನ್ನು ಬೀದಿಪಾಲು ಮಾಡಿದಿರಿ ಅಂದಳು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತಳು. ಹತ್ತೂವರೆಗೆ ನಾನು ಮತ್ತೆ ನಾನೇ ಹಾಕಿಕೊಂಡು ಉಂಡೆ, ಅವಳಿಗೆ ಕೇಳಲಿ ಅಂತ ಚಮಚವನ್ನು ಬಟ್ಟಲಿಗೆ ತಾಗಿಸಿ ಸದ್ದು ಮಾಡಿದೆ. ಮೈಗೆ ಹತ್ತುವುದಿಲ್ಲ ಅನ್ನುತ್ತಿದ್ದರಲ್ಲ, ಉಂಡದ್ದು ಎಲ್ಲೂ ಹೋಗಲಿಲ್ಲ, ಎಂದಿನ ಹಾಗೆ ಹೊಟ್ಟೆಯಲ್ಲಿ ಸುಮ್ಮನೆ ಕೂತಿತು. ಅವಳು ಹಠಕ್ಕೆ ಬಿದ್ದು ಅಡುಗೆ ಮಾತ್ರ ಮಾಡಿದಳು, ಅನ್ನ, ತೊಗರಿಬೇಳೆ ಸಾರು. ಪಾತ್ರೆಗಳನ್ನು ಒಂದೊಂದಾಗಿ ಕುಕ್ಕಿ ಇಟ್ಟು ಮತ್ತೆ ಕಟ್ಟೆಗೆ ಹೋದಳು.

ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಕೋಪ ಇಳಿದಿತ್ತು, ಮುಖದಲ್ಲಿ ಗಾಬರಿ.

"ರೀ, ಡಾಕ್ಟ್ರಿಗೆ ಫೋನ್ ಮಾಡಿ."

"ಯಾಕೆ, ಏನಾಯ್ತು?"

"ಹೊಟ್ಟೆ ಒಳಗೆ ಏನೋ ಆಗ್ತಿದೆ. ಯಾರೋ ಕೆರೆದ ಹಾಗೆ, ಎಳೆದ ಹಾಗೆ. ಗುರ್ ಅಂತ ಸದ್ದು ಬೇರೆ. ಬಾಯಲ್ಲೆಲ್ಲ ನೀರು. ನೋವೂ ಅಲ್ಲ, ಏನೋ ಬೇಕು ಬೇಕು ಅನ್ನುತ್ತೆ. ನಿಮ್ಮ ಕಾಯಿಲೆ ನನಗೂ ಬಂತಾ?"

ನಾನು ಕತ್ತರಿ ಕೆಳಗಿಟ್ಟೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ತಡೆಯಲಾಗಲಿಲ್ಲ. "ಅದು ಹಸಿವು ಕಣೇ ಮಂಗಳಾ. ಬರೀ ಹಸಿವು."

"ಹಸಿವಾ?" ಅಂತ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಹತ್ತೊಂಬತ್ತನೇ ವಯಸ್ಸಿಗೆ ಬಿಟ್ಟು ಬಂದದ್ದು, ನಲವತ್ತೈದಕ್ಕೆ ವಾಪಸ್ಸು ಬಂದರೆ ಗುರುತು ಹತ್ತುವುದಾದರೂ ಹೇಗೆ?

ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಟ್ಟೆಯ ಮುಂದೆ ಕೂರಿಸಿದೆ. ಸೌಟನ್ನು ಅವಳ ಕಡೆ ಸರಿಸಿದೆ, ಮುಟ್ಟಿದ್ದು ಅಷ್ಟೇ. ಅವಳು ಸೌಟು ನೋಡಿದಳು, ನನ್ನನ್ನು ನೋಡಿದಳು. ಕಿಟಕಿಯಾಚೆ ದಾಕ್ಷಾಯಣಮ್ಮ ಬಟ್ಟೆ ಹರವುತ್ತಿದ್ದವರು ಹಿಂಡಿದ ಸೀರೆಯನ್ನು ಕೈಯಲ್ಲೇ ಹಿಡಿದುಕೊಂಡು ಬಾಯಿ ಬಿಟ್ಟುಕೊಂ‌ಡು ನಿಂತುಬಿಟ್ಟಿದ್ದರು. ಸರ್ವಮಂಗಳ ಒಂದು ಗಳಿಗೆ ತಲೆ ತಗ್ಗಿಸಿದಳು. ಹೊಟ್ಟೆ ಮತ್ತೆ ಗುರ್ ಅಂದಿರಬೇಕು. ತಲೆ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ, "ನೋಡ್ಕೊಳ್ಳಿ ಅಕ್ಕಾ, ನನಗೆ ಗಂಡ ಇದ್ದಾರೆ. ಇಲ್ಲೇ ಪಕ್ಕದಲ್ಲೇ ಕೂತಿದ್ದಾರೆ. ಆದ್ರೂ ನಾನೇ ಹಾಕ್ಕೊಳ್ತಾ ಇದೀನಿ" ಅಂತ ಹೇಳಿ, ತಪ್ಪಲೆಗೆ ಸೌಟು ಹಾಕಿ ಅನ್ನ ತೆಗೆದು ತನ್ನ ತಟ್ಟೆಗೆ ಸುರಿದುಕೊಂಡಳು. ಮೇಲೆ ಸಾರು ಹುಯ್ದುಕೊಂಡಳು. ಕಲಸಿದಳು.

ಮೊದಲ ತುತ್ತು ಇಳಿಯಿತು. ನಾನು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಏನೂ ಬರಲಿಲ್ಲ, ಅವಳದ್ದು ಅವಳಿಗೇ ಹೋಯಿತು. ಎರಡನೇ ತುತ್ತಿಗೆ ಅವಳ ಮುಖ ಕಿವುಚಿಕೊಂಡಿತು. ನನ್ನ ಜೀವ ಬಾಯಿಗೆ ಬಂತು.

"ಏನಾಯ್ತೇ?"

"ಇದೇನ್ರೀ ಇಷ್ಟು ಹುಳಿ!"

ದೇವರ ಎಡೆಗೆ ಮೊದಲು ಅಡುಗೆಯ ರುಚಿ ನೋಡಬಾರದು ಅನ್ನುವ ಮನೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ಅವಳ ಸಾರು ಅವಳ ಹೊಟ್ಟೆಗೆ ಸೇರಿತ್ತೇ ಹೊರತು ನಾಲಿಗೆಗೆ ತಾಗಿರಲಿಲ್ಲ.

"ಇವತ್ತೊಂದಿನ ಹಿಂಗಾ, ಯಾವಾಗಲೂ ಹಿಂಗಾ?"

"ಮೊದಲಿಂದಾನೂ ಹಿಂಗೇ."

"ಇಪ್ಪತ್ತಾರು ವರ್ಷ ಈ ಹುಣಸೆಹುಳಿ ಕುಡಿದ್ರಾ? ಒಂದು ದಿನ ಬಾಯಿ ಬಿಟ್ಟು ಹೇಳಬಾರದಾ?"

"ನನಗೆ ಇಷ್ಟ ಆಗೋದು ಕಣೇ" ಅಂದೆ. ಸುಳ್ಳಲ್ಲ.

"ನನಗೆ ಇಷ್ಟ ಇಲ್ಲ" ಅಂದಳು ಸರ್ವಮಂಗಳ. ಹಾಗೆ ಅಂದು ತಾನೇ ಬೆರಗಾದಳು. ಆಮೇಲೆ ಇನ್ನೊಂದು ಸಲ, ರುಚಿ ನೋಡುವವಳ ಹಾಗೆ ನಿಧಾನವಾಗಿ, "ನನಗೆ ಇಷ್ಟ ಇಲ್ಲ" ಅಂದಳು. ಸಾರಿನ ಪಾತ್ರೆಯನ್ನು ಪಕ್ಕಕ್ಕೆ ತಳ್ಳಿ, ಎಡಗೈಯಲ್ಲಿ ಸೌಟು ಹಿಡಿದು ಮತ್ತೆ ಅನ್ನ ಹಾಕಿಕೊಂಡು, ಗಟ್ಟಿ ಮೊಸರು ಸುರಿದುಕೊಂಡು, ಉಪ್ಪಿನಕಾಯಿ ಎಳೆದುಕೊಂಡಳು. ಯಾರನ್ನೂ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಎಂಥ ಊಟ ಅದು! ಅವಳ ಅಪ್ಪ ಇದ್ದಿದ್ದರೆ ಅವತ್ತು ನನ್ನನ್ನು ಮರೆತುಬಿಡುತ್ತಿದ್ದರು.

ಒಂದೂವರೆಗೆ ನನ್ನ ಊಟದ ಪಾಳಿ ಬಂತು. ಬಟ್ಟಲು ತಂದು ಅವಳ ಪಕ್ಕ ಇಟ್ಟುಕೊಂಡು, ಸಮಾಧಾನ ಮಾಡೋಣ ಅಂತ, "ಬೇಕಾದ್ರೆ ಈಗ ನೀನೇ ಬಡಿಸು" ಅಂದೆ.

ಅವಳು ತುಂಬಿದ ಬಾಯಲ್ಲೇ ತಲೆ ಅಲ್ಲಾಡಿಸಿದಳು. "ಕೈ ಎಂಜಲಾಗಿದೆ ಕಣ್ರೀ. ನೀವೇ ಹಾಕ್ಕೊಳ್ಳಿ."